ಬೆದರಿಸುವ ಬೊಂಬೆ, ಕರೆಯುವ ಬೊಂಬೆ

ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ನಮ್ಮ ಹೊಲದ ನಡುವೆ ಅಟ್ಟಣೆ ಏಳುತ್ತಿತ್ತು. ದಸರಾ ರಜೆಯಲ್ಲಿ ಹುಡುಗರಿಗೆ ಅದೇ ಡ್ಯೂಟಿ. ಕೈಯಲ್ಲಿ ಕವಣೆ, ಪಕ್ಕದಲ್ಲಿ ಒಂದು ತುಕ್ಕು ಹಿಡಿದ ಡಬ್ಬ. ಗಿಳಿ ಬಂತು ಅಂದ್ರೆ ಡಬ್ಬ ಬಡಿ, ಗುಬ್ಬಿ ಬಂತು ಅಂದ್ರೆ ಕೂಗು. ಮೂಲೆಯಲ್ಲಿ ಅಪ್ಪನ ಹಳೇ ಅಂಗಿ ತೊಟ್ಟ ಬೆದರುಬೊಂಬೆ ಬೇರೆ. ಹಕ್ಕಿ ಅಂದ್ರೆ ಓಡಿಸಬೇಕಾದ್ದು ಅನ್ನೋದು ನನ್ನ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಹಾಗಾಗಿ ಇಂಗ್ಲೆಂಡಿಗೆ ಬಂದ ಹೊಸದರಲ್ಲಿ, ನಮ್ಮ ಬೀದಿಯ ಮುದುಕರೊಬ್ಬರು ಕೇಂಬ್ರಿಡ್ಜ್‌ಶೈರಿನ ಬಟಾಣಿ ಹೊಲದಲ್ಲಿ ಪ್ಲಾಸ್ಟಿಕ್ ಪಾರಿವಾಳಗಳನ್ನು ಒಂದೊಂದಾಗಿ ಕಡ್ಡಿಗೆ ಸಿಕ್ಕಿಸಿ ನೆಡೋದನ್ನು ಕಂಡಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಹಕ್ಕಿ ಹೆದರುತ್ತಾ?" ಅವರು ನಕ್ಕರು. "ಹೆದರಿದರೆ ನನ್ನ ದಿನ ಹಾಳು. ಬರಬೇಕು ಅಂತಲೇ ಇಡ್ತಾ ಇರೋದು" ಅಂದ್ರು. ಆಗಲೇ ನೋಡಿದ್ದು, ಬೇಲಿಗೆ ಒರಗಿಸಿಟ್ಟ ಕೋವಿ.

ಇದಕ್ಕೆ ಇಲ್ಲಿ ಪಿಜನ್ ಡಿಕಾಯಿಂಗ್ ಅಂತಾರೆ. ಬಿತ್ತಿದ ಹೊಲಕ್ಕೋ, ಮಳೆಗಾಳಿಗೆ ಮಲಗಿದ ಗೋಧಿಗೋ ಹಿಂಡುಹಿಂಡಾಗಿ ಇಳಿಯುವ ಮರಪಾರಿವಾಳಗಳನ್ನು, ಇಂಗ್ಲಿಷರ ವುಡ್ ಪಿಜನ್, ಬೊಂಬೆ ತೋರಿಸಿ ಹತ್ತಿರ ಕರೆದು ಹೊಡೆಯೋದು. ನಾವು ಪಟ್ಟಣದಲ್ಲಿ ನೋಡುವ ಪಾರಿವಾಳ ಅಲ್ಲ ಇದು. ಅದಕ್ಕಿಂತ ದೊಡ್ಡದು, ಅರ್ಧ ಕಿಲೋ ತೂಗುತ್ತದೆ. ಕುತ್ತಿಗೆಯ ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ರೆಕ್ಕೆ ಬಿಚ್ಚಿದರೆ ಅಡ್ಡಕ್ಕೆ ಒಂದು ಬಿಳಿ ಪಟ್ಟೆ. ಈ ಬಿಳಿ ಪಟ್ಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅಂದಿನಿಂದ ಈ ವಿಷಯದ ಹಿಂದೆ ಬಿದ್ದಿದ್ದೇನೆ. ಕೋವಿ ಹಿಡಿಯೋದಕ್ಕಲ್ಲ, ಅದು ನನ್ನ ಕೈಲಾಗದ್ದು. ಬೆದರಿಸೋ ಬೊಂಬೆ ಯಾವಾಗ ಕರೆಯೋ ಬೊಂಬೆ ಆಯಿತು, ಹಾಗೆ ಕರೆದು ಕೊಂದಿದ್ದರಿಂದ ರೈತನ ಬೆಳೆ ನಿಜವಾಗಿ ಉಳಿಯಿತಾ, ಅನ್ನೋದು ನನ್ನ ಕುತೂಹಲ. ಎರಡನೇ ಪ್ರಶ್ನೆಗೆ ಸಿಕ್ಕ ಉತ್ತರ ನಾನು ಅಂದುಕೊಂಡ ಹಾಗಿರಲಿಲ್ಲ.

ಮೊದಲು ಪದದಿಂದಲೇ ಶುರು ಮಾಡೋಣ. ಡಿಕಾಯ್ ಅನ್ನೋ ಪದ ಇಂಗ್ಲಿಷಿಗೆ ಬಂದದ್ದು ಡಚ್ಚರಿಂದ. ಅವರ 'ಕೋಯ್' ಅಂದರೆ ಪಂಜರ. 17ನೇ ಶತಮಾನದಲ್ಲಿ ಡಚ್ಚರಿಂದ ಕಲಿತು ಇಂಗ್ಲೆಂಡಿನ ಜವುಗು ಪ್ರದೇಶಗಳಲ್ಲಿ ಬಾತುಕೋಳಿ ಹಿಡಿಯುವ ಕೊಳಗಳನ್ನು ಮಾಡಿದರು. ಕೊಳದಿಂದ ಬಾಗಿದ ಕೊಂಬಿನ ಹಾಗೆ ಕಾಲುವೆ, ಅದರ ಮೇಲೆ ಬಲೆಯ ಕಮಾನು, ಪಕ್ಕದಲ್ಲಿ ಜೊಂಡಿನ ತಡಿಕೆಗಳು. ತಡಿಕೆಗಳ ಸಂದಿನಿಂದ ಒಂದು ನಾಯಿ ಕಾಣಿಸಿಕೊಂಡು ಮಾಯವಾಗುತ್ತದೆ. ಬಾತುಗಳಿಗೆ ಅದೇನು ನೋಡಬೇಕು ಅಂತ ಚಪಲ. ಹಿಂಬಾಲಿಸುತ್ತಾ ಹಿಂಬಾಲಿಸುತ್ತಾ ಕಾಲುವೆಯ ಕಿರಿದಾದ ತುದಿಗೆ ಹೋಗಿ ಬಲೆಯಲ್ಲಿ ಸಿಕ್ಕಿಬೀಳುತ್ತವೆ. ಒಂದು ಗುಂಡಿಲ್ಲ, ಸದ್ದಿಲ್ಲ. ಬಕಿಂಗ್‌ಹ್ಯಾಂಶೈರಿನ ಬೋರ್‌ಸ್ಟಾಲ್‌ನಲ್ಲಿ ಅಂಥದ್ದೊಂದು ಕೊಳವನ್ನು ಉಳಿಸಿಕೊಂಡಿದ್ದಾರೆ.

ನಮ್ಮಲ್ಲೂ ಇದಕ್ಕೆ ಪದ ಇದೆ ರೀ, ಮರೆತಿದ್ದೇವೆ ಅಷ್ಟೆ. ಹಳಗನ್ನಡದಲ್ಲಿ ದೀಹ ಅಥವಾ ದೀವ ಅಂದರೆ ಬೇಟೆಗಾರ ತನ್ನ ಜೊತೆ ಒಯ್ಯುವ ಪಳಗಿದ ಮೃಗ. ಅದನ್ನು ಕಂಡು ಕಾಡಿನ ಮೃಗ ತನ್ನವರೇ ಅಂತ ಹತ್ತಿರ ಬರಬೇಕು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಬೇಟೆಯ ಬಗೆಗಳಿಗೆ ಉದ್ದದ ಅಧ್ಯಾಯವೇ ಇದೆ. ರಾಜರ ಮಾತು ಬಿಡಿ, ಊರ ಬೇಟೆಗಾರರು ಸಾಕಿದ ಗೌಜಲಹಕ್ಕಿಯನ್ನು ಪಂಜರದಲ್ಲಿ ಹೊಲದಂಚಿಗೆ ಒಯ್ದು ಇಟ್ಟು, ಅದರ ಕೂಗಿಗೆ ಜಗಳಕ್ಕೆ ಬಂದ ಕಾಡು ಗೌಜಲನ್ನು ಉರುಳಿಗೆ ಕೆಡವುತ್ತಿದ್ದುದು ಮೊನ್ನೆಮೊನ್ನೆವರೆಗೂ ಇತ್ತು. 1972ರ ಕಾಯ್ದೆ ಬಂದ ಮೇಲೆ ಅದು ಅಪರಾಧ. ವ್ಯತ್ಯಾಸ ಏನಪ್ಪಾ ಅಂದರೆ, ನಮ್ಮಲ್ಲಿ ಅದು ಬೇಟೆ, ಬೆಳೆ ಕಾಯೋದು ಬೇರೆ. ಇಲ್ಲಿ ಅವೆರಡೂ ಒಂದರೊಳಗೊಂದು ಸೇರಿಕೊಂಡವು.

ಸೇರಿಕೊಳ್ಳೋದಕ್ಕೆ ಮೊದಲು ಇನ್ನೊಂದು ಕಥೆ ಇದೆ. ಮಧ್ಯಯುಗದಲ್ಲಿ ರೈತನ ಹೊಲಕ್ಕೆ ಇಳಿಯುತ್ತಿದ್ದ ಪಾರಿವಾಳಕ್ಕೆ ಯಜಮಾನ ಇದ್ದ. ಜಹಗೀರುದಾರರು, ಮಠದವರು ಕಲ್ಲಿನ ಪಾರಿವಾಳದ ಗೋಪುರ ಕಟ್ಟಿಸಿ ನೂರಾರು ಹಕ್ಕಿ ಸಾಕುತ್ತಿದ್ದರು. ಮರಿಯ ಮಾಂಸ ಅವರ ತಟ್ಟೆಗೆ, ಹಿಕ್ಕೆ ಅವರ ಹೊಲಕ್ಕೆ. ಮೇವು ಮಾತ್ರ ಊರಿನವರದ್ದು. ನಮ್ಮಲ್ಲಿಂದ ಹೆಚ್ಚು ದೂರವಿಲ್ಲದ ಬೆಡ್‌ಫರ್ಡ್‌ಶೈರಿನ ವಿಲ್ಲಿಂಗ್ಟನ್‌ನಲ್ಲಿ 16ನೇ ಶತಮಾನದ ಅಂಥ ಕಟ್ಟಡ ಒಂದಿದೆ, ಒಳಗೆ ಗೋಡೆಯ ತುಂಬ ಸುಮಾರು 1,500 ಗೂಡು. ಒಳಗೆ ನಿಂತು ತಲೆ ಎತ್ತಿದರೆ ಬೆರಗಾಗುತ್ತೆ. ಆ ಹಕ್ಕಿಗಳು ಬೆಳಗ್ಗೆ ಹಾರಿಹೋಗಿ ಯಾರ ಕಾಳು ತಿನ್ನುತ್ತಿದ್ದವು ಅಂತ ಯೋಚನೆ ಮಾಡಿದರೆ ಬೆರಗು ಸ್ವಲ್ಪ ಇಳಿಯುತ್ತೆ.

ಫ್ರಾನ್ಸಿನಲ್ಲಿ ಈ ಸಿಟ್ಟು ಕ್ರಾಂತಿಯವರೆಗೂ ಹೋಯಿತು. ಊಳಿಗಮಾನ್ಯದ ಹಕ್ಕುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಕಿತ್ತುಹಾಕಿದ 1789ರ ಆಗಸ್ಟ್ 4ರ ಬಗ್ಗೆ ಶಾಲೆಯಲ್ಲಿ ಓದಿರುತ್ತೀರಿ. ಅದರ ಬೆನ್ನಲ್ಲೇ ಬಂದ ಶಾಸನದ ಎರಡನೇ ಕಲಮು ಯಾವುದರ ಬಗ್ಗೆ ಗೊತ್ತಾ? ಪಾರಿವಾಳ! ಗೋಪುರ ಕಟ್ಟುವ ಏಕಸ್ವಾಮ್ಯ ರದ್ದು. ಊರವರು ಗೊತ್ತುಮಾಡಿದ ಕಾಲದಲ್ಲಿ ಪಾರಿವಾಳಗಳನ್ನು ಒಳಗೆ ಕೂಡಿಹಾಕಬೇಕು. ಹಾಕದಿದ್ದರೆ ಯಾವ ರೈತ ಬೇಕಾದರೂ ತನ್ನ ನೆಲದಲ್ಲಿ ಅವನ್ನು ಹೊಡೆಯಬಹುದು. ಬೇಟೆಯ ಹಕ್ಕಿನ ಮಾತು ಬಂದದ್ದು ಅದರ ನಂತರದ ಕಲಮಿನಲ್ಲಿ. ರಾಜಮಹಾರಾಜರ ದೊಡ್ಡ ಅನ್ಯಾಯಗಳ ಪಟ್ಟಿಯಲ್ಲಿ ಪಾರಿವಾಳ ಅಷ್ಟು ಮೇಲೆ ಇತ್ತು ಅಂದರೆ, ಬಿತ್ತಿದ ಕಾಳು ಕಣ್ಣೆದುರೇ ಹೋಗುವಾಗ ಕೈಕಟ್ಟಿ ನಿಂತವರ ಸಂಕಟ ಎಷ್ಟಿರಬೇಕು ನೀವೇ ಲೆಕ್ಕ ಹಾಕಿ.

ಇವೆಲ್ಲ ಸಾಕುಪಾರಿವಾಳದ ಮಾತಾಯ್ತು. ಮರಪಾರಿವಾಳ ಆಗಿನ್ನೂ ಹೆಸರಿಗೆ ತಕ್ಕಂತೆ ಕಾಡಿನ ಹಕ್ಕಿ. ಓಕ್ ಮರದ ಕಾಯಿ, ಬೀಚ್ ಮರದ ಬೀಜ ತಿಂದುಕೊಂಡು ತನ್ನಷ್ಟಕ್ಕೆ ಇತ್ತು. ಅದನ್ನು ಹೊಲಕ್ಕೆ ಕರೆದವರು ರೈತರೇ. 18ನೇ ಶತಮಾನದಲ್ಲಿ ನಾರ್ಫೋಕ್ ಕಡೆಯಿಂದ ಹೊಸ ಬೇಸಾಯ ಹರಡಿತು. ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಅನ್ನೋ ಮೂರೆಲೆಯ ಮೇವು, ಹೀಗೆ ನಾಲ್ಕು ವರ್ಷದ ಸರದಿ. ನೆಲ ಬೀಳು ಬಿಡೋದು ತಪ್ಪಿತು, ದನಕ್ಕೆ ಚಳಿಗಾಲದಲ್ಲೂ ಮೇವು ಸಿಕ್ಕಿತು. ಪುಸ್ತಕಗಳು ಇದನ್ನು ಕೃಷಿ ಕ್ರಾಂತಿ ಅಂತ ಹೊಗಳುತ್ತವೆ. ಚಳಿಗಾಲದಲ್ಲಿ ಹಸಿರು ಎಲೆ ಸಿಕ್ಕಿದ್ದು ದನಕ್ಕೆ ಮಾತ್ರ ಅಲ್ಲ ಅನ್ನೋದು ಅವುಗಳಲ್ಲಿ ಇರೋದಿಲ್ಲ.

ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಇದನ್ನು ಗಮನಿಸಿದ್ದ. 1789ರಲ್ಲೇ ಅಚ್ಚಾದ ತನ್ನ ಪುಸ್ತಕದಲ್ಲಿ, ಚಳಿಗಾಲಕ್ಕೆ ಬರುವ ಕಾಡುಪಾರಿವಾಳಗಳು ಮೊದಲು ಬೀಚ್ ಬೀಜ, ಕೂಳೆಯ ಬಾರ್ಲಿ ತಿನ್ನುತ್ತಿದ್ದವು, ಟರ್ನಿಪ್ ಹೆಚ್ಚಾದ ಮೇಲೆ ಅದನ್ನು ಕುಕ್ಕಿ ಕುಕ್ಕಿ ತೂತು ಮಾಡುತ್ತಿವೆ ಅಂತ ಬರೆದಿದ್ದಾನೆ. ಅವನು ಹೇಳಿದ್ದು ಸ್ಟಾಕ್ ಡವ್ ಎಂಬ ಇನ್ನೊಂದು ಜಾತಿಯ ಬಗ್ಗೆ, ಇದರ ದಾಯಾದಿ ಅನ್ನಿ. ಟರ್ನಿಪ್ ತಿಂದು ಅವುಗಳ ಮಾಂಸದ ರುಚಿಯೇ ಕೆಟ್ಟಿತು ಅಂತ ಗೊಣಗಿದ್ದಾನೆ ಬೇರೆ. ಹೊಲದಲ್ಲಿ ಮೇಯುವಾಗ, ಹಿಮ ಬಿದ್ದಾಗ, ಸಂಜೆ ಮರಕ್ಕೆ ಬರುವಾಗ ಅವಿತು ಕೂತು ಹೊಡೆಯುತ್ತಿದ್ದರು ಅಂತಲೂ ಹೇಳುತ್ತಾನೆ. ಬೊಂಬೆಯ ಸುದ್ದಿ ಇಲ್ಲ.

ಬೊಂಬೆ ಇಟ್ಟು ಕೂರಬೇಕಾದರೆ ಬೇಗಬೇಗ ಹೊಡೆಯೋ ಕೋವಿ ಬೇಕು. ನಳಿಗೆಯ ಬಾಯಿಂದ ಮದ್ದು ತುಂಬಿ, ಗುಂಡು ಹಾಕಿ, ಕೋಲಿನಿಂದ ಜಡಿಯೋ ಹೊತ್ತಿಗೆ ಹಿಂಡು ಪಕ್ಕದ ಊರು ಸೇರಿರುತ್ತೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರೆಂಚರ ಹಿಂದಿನಿಂದ ತೋಟಾ ತುಂಬುವ ಕೋವಿ ಕಂಡ ಮೇಲೆ ಇಂಗ್ಲೆಂಡಿನ ಕಮ್ಮಟಗಳು ಅದರ ಹಿಂದೆ ಬಿದ್ದವು. ಆ ಹೊತ್ತಿಗೆ ಮರಪಾರಿವಾಳ ಹೊಲದ ಹಕ್ಕಿಯೇ ಆಗಿತ್ತು. 1860ರ ದಶಕದಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್‌ನಲ್ಲಿ ರೈತರ ಸಂಘ ಹಕ್ಕಿಯ ತಲೆಗೆ ಇಷ್ಟು ಅಂತ ಬಹುಮಾನ ಕೊಡುವ ಮಟ್ಟಕ್ಕೆ ಬಂದಿತ್ತು.

ಇದೇ ಕಾಲದಲ್ಲಿ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇದೇ ಉಪಾಯ ಇನ್ನೊಂದು ಪಾರಿವಾಳದ ವಂಶವನ್ನೇ ಮುಗಿಸುತ್ತಿತ್ತು. ಅಮೆರಿಕದ ಪ್ಯಾಸೆಂಜರ್ ಪಿಜನ್. ಬಲೆಗಾರರು ಒಂದು ಜೀವಂತ ಪಾರಿವಾಳ ಹಿಡಿದು, ಅದರ ರೆಪ್ಪೆಗಳನ್ನು ದಾರದಿಂದ ಹೊಲಿದು, ಚಿಕ್ಕ ಮಣೆಯ ಮೇಲೆ ಕಟ್ಟುತ್ತಿದ್ದರು. ದಾರ ಎಳೆದು ಮಣೆಯನ್ನು ಮೇಲೆತ್ತಿ ಥಟ್ಟನೆ ಇಳಿಸಿದರೆ ಹಕ್ಕಿ ರೆಕ್ಕೆ ಬಡಿಯುತ್ತದೆ. ಮೇಲೆ ಹಾರುವ ಹಿಂಡಿಗೆ ಅದು ಕಾಳಿನ ಮೇಲೆ ಇಳಿಯುತ್ತಿರುವ ನೆಂಟನ ಹಾಗೆ ಕಾಣುತ್ತದೆ. ಇಳಿದವು ಅಂದರೆ ಬಲೆ. ಪೊಲೀಸರಿಗೆ ಸುದ್ದಿ ಕೊಡುವವನನ್ನು ಇಂಗ್ಲಿಷಿನಲ್ಲಿ ಸ್ಟೂಲ್ ಪಿಜನ್ ಅನ್ನೋದು ಕೇಳಿರುತ್ತೀರಿ, ಆ ಬೈಗುಳದ ಹಿಂದೆ ಹೀಗೊಂದು ಕುರುಡು ಮಾಡಿದ ಹಕ್ಕಿ ಇತ್ತು. ಬಲೆ, ಕೋವಿ, ರೈಲು, ತಂತಿ, ಕಾಡು ಕಡಿದದ್ದು ಎಲ್ಲ ಸೇರಿ, ಕೋಟಿಗಟ್ಟಲೆ ಇದ್ದ ಹಕ್ಕಿಯಲ್ಲಿ ಕೊನೆಯದಾಗಿ ಉಳಿದ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಳು. ಬ್ರಿಟನ್ನಿನಲ್ಲಿ ಕಟ್ಟಿಹಾಕಿದ ಅಥವಾ ಕುರುಡು ಮಾಡಿದ ಹಕ್ಕಿಯನ್ನು ದೀಹವಾಗಿ ಬಳಸೋದು ಅಪರಾಧ, 1981ರ ವನ್ಯಜೀವಿ ಕಾಯ್ದೆಯ ಐದನೇ ಸೆಕ್ಷನ್ ಅದನ್ನು ಬಿಡಿಸಿ ಬಿಡಿಸಿ ಹೇಳುತ್ತದೆ.

ಮರಪಾರಿವಾಳದ ಕಥೆ ಮಾತ್ರ ಇದಕ್ಕೆ ತದ್ವಿರುದ್ಧ. ಕೊಂದಷ್ಟೂ ಇದೆ!

ಎರಡು ಮಹಾಯುದ್ಧಗಳಲ್ಲಿ ಈ ದೇಶ ಪಾರಿವಾಳದ ವಿಷಯದಲ್ಲಿ ಒಂದು ತಮಾಷೆಯ ಇಕ್ಕಟ್ಟಿಗೆ ಸಿಕ್ಕಿತ್ತು. ಹಡಗಿನಲ್ಲಿ ಬರುವ ಗೋಧಿಯನ್ನು ಜರ್ಮನ್ ಸಬ್‌ಮರೀನುಗಳು ಮುಳುಗಿಸುತ್ತಿದ್ದವು, ಹಾಗಾಗಿ ನೆಲದ ಒಂದೊಂದು ಕಾಳೂ ಲೆಕ್ಕ. ಮರಪಾರಿವಾಳ ಶತ್ರು, ಹೊಡೀರಿ ಅಂತ ಒಂದು ಕಡೆ. ಸೈನ್ಯದ ಸಂದೇಶ ಹೊತ್ತು ಬರುವ ಪಾರಿವಾಳ ದೇಶಭಕ್ತ, ಮುಟ್ಟೀರಿ ಜೋಕೆ ಅಂತ ಇನ್ನೊಂದು ಕಡೆ. ಮೊದಲ ಯುದ್ಧದ ಪೋಸ್ಟರಿನಲ್ಲಿ ಸಂದೇಶದ ಪಾರಿವಾಳ ಹೊಡೆದರೆ ಆರು ತಿಂಗಳ ಜೈಲು ಅಥವಾ 100 ಪೌಂಡ್ ದಂಡ ಅಂತ ದೊಡ್ಡಕ್ಷರದಲ್ಲಿತ್ತು. ಎರಡನೇ ಯುದ್ಧದಲ್ಲಿ ಪ್ರಾಣಿಗಳ ಶೌರ್ಯಕ್ಕೆ ಅಂತ 1943ರಲ್ಲಿ ಶುರುವಾದ ಡಿಕಿನ್ ಪದಕ ಮೊದಲು ಹೋದದ್ದೇ ಮೂರು ಪಾರಿವಾಳಗಳಿಗೆ. ಅದೇ ಹೊತ್ತಿಗೆ ಹಳ್ಳಿಯ ಕಸಾಯಿ ಅಂಗಡಿಯಲ್ಲಿ ಅವುಗಳ ನೆಂಟರು ತಲೆಕೆಳಗಾಗಿ ನೇತಾಡುತ್ತಿದ್ದರು. 1940ರಿಂದ 1954ರವರೆಗೆ ಇಲ್ಲಿ ರೇಷನ್ ಇತ್ತು, ಕಾಡಿನ ಹಕ್ಕಿಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಒಂದು ಹಕ್ಕಿ ಹೊಡೆದರೆ ಬೆಳೆ ಉಳಿಯಿತು, ಸಾರೂ ಆಯಿತು.

ಡಿಕಾಯಿಂಗ್ ಒಂದು ವಿದ್ಯೆ ಅಂತ ಹೆಸರಾದದ್ದು ಇದರ ನಂತರ, ಅದೂ ಮತ್ತೆ ಹ್ಯಾಂಪ್‌ಶೈರಿನಲ್ಲೇ. ಮೇಜರ್ ಆರ್ಚಿ ಕೋಟ್ಸ್ ಅಂತ ಒಬ್ಬ, ಸೈನ್ಯ ಬಿಟ್ಟು ಬಂದವನು, ಪಾರಿವಾಳ ಹೊಡೆಯೋದನ್ನೇ ಕಸುಬು ಮಾಡಿಕೊಂಡ. ರೈತರು ಫೋನ್ ಮಾಡಿ ಕರೆಯೋರು, ಈತ ಹೋಗಿ ಹೊಲ ಕಾಯೋನು. 1962ರ ಜನವರಿಯಲ್ಲಿ ವಿಂಚೆಸ್ಟರ್ ಹತ್ತಿರ ಒಂದೇ ದಿನ, ಒಬ್ಬನೇ, 550 ಹಕ್ಕಿ ಹೊಡೆದ. ಮರುವರ್ಷ 1963ರಲ್ಲಿ ಬಂದ ಆತನ ಪುಸ್ತಕ ಈ ಹವ್ಯಾಸದವರಿಗೆ ಇವತ್ತಿಗೂ ಪಂಚಾಂಗ ಇದ್ದ ಹಾಗೆ. ಹೆಂಡತಿ ಪ್ರೂ ಕೋಟ್ಸ್ ಆ ಹಕ್ಕಿಗಳನ್ನು ಹೇಗೆಲ್ಲಾ ಬೇಯಿಸಬಹುದು ಅಂತ ಬರೆದು ತಾನೂ ಹೆಸರು ಮಾಡಿದಳು. ಗಂಡ ಮನೆಗೆ ತಂದದ್ದನ್ನು ಏನಾದರೂ ಮಾಡಲೇಬೇಕಲ್ಲ!

ಆತನ ಕಾಲದಿಂದ ಹೊಸಬರಿಗೆ ಹೇಳಿಕೊಡುತ್ತಾ ಬಂದ ಪಾಠ ಕೇಳಿದರೆ ಅದರಲ್ಲಿ ಕೋವಿಯ ಮಾತು ಕೊನೆಗೆ ಬರುತ್ತದೆ. ಮೊದಲ ದಿನ ಕೋವಿ ಮನೆಯಲ್ಲೇ ಇರಲಿ, ದುರ್ಬೀನು ಹಿಡಿದು ಹೊಲದಂಚಲ್ಲಿ ಕೂತು ನೋಡು ಅಂತಾರೆ. ಪಾರಿವಾಳ ಬೇಕಾಬಿಟ್ಟಿ ಹಾರೋದಿಲ್ಲ. ಬೇಲಿಯ ಸಾಲು, ಒಂದು ಒಂಟಿ ಮರ, ಕಣಿವೆಯ ಬಾಗು, ಇವನ್ನು ಗುರುತಿಟ್ಟುಕೊಂಡು ಅದಕ್ಕೊಂದು ದಾರಿ ಇರುತ್ತೆ, ನಮ್ಮ ದನಕ್ಕೆ ಕಾಲುಹಾದಿ ಇದ್ದ ಹಾಗೆ. ಆ ದಾರಿಯ ಕೆಳಗೆ ಮರೆ ಕಟ್ಟಬೇಕು. ಬೇಲಿಗೆ ಒತ್ತಿಕೊಂಡು ನಾಲ್ಕು ಕೋಲು, ಒಂದು ಹಸಿರು ಬಲೆ, ಅಲ್ಲಲ್ಲಿ ಸಿಕ್ಕಿಸಿದ ಸೊಪ್ಪು. ಬೆಳ್ಳಗಿನ ಮುಖ ಮೇಲಿನಿಂದ ತಟ್ಟೆಯ ಹಾಗೆ ಹೊಳೆಯುತ್ತೆ, ಅದಕ್ಕೆ ಮುಸುಕು. (ನಿಮಗೆ ಆ ತೊಂದರೆ ಕಮ್ಮಿ ಅಂತ ನಮ್ಮ ಮುದುಕರು ನನಗೆ ಹೇಳಿ, ಆಮೇಲೆ ತಾವೇ ಪೆಚ್ಚಾದರು. ನಾನು ನಕ್ಕುಬಿಟ್ಟೆ.)

ಬೊಂಬೆ ಇಡೋದರಲ್ಲಿ ಇರೋದು ನಿಜವಾದ ಕಸುಬು. ಹಕ್ಕಿ ಇಳಿಯೋದು ಗಾಳಿಗೆ ಎದುರಾಗಿ, ಮೇಯೋದೂ ಹೆಚ್ಚುಕಡಿಮೆ ಗಾಳಿಗೆ ಮುಖ ಮಾಡಿ. ಬೊಂಬೆಗಳ ಮುಖವೂ ಅತ್ತಲೇ ಇರಬೇಕು, ಆದರೆ ಪೆರೇಡಿಗೆ ನಿಂತ ಪೊಲೀಸರ ಹಾಗಲ್ಲ, ಒಂದು ಸ್ವಲ್ಪ ಆಚೆ, ಒಂದು ಸ್ವಲ್ಪ ಈಚೆ. ಕುದುರೆ ಲಾಳದ ಆಕಾರದಲ್ಲಿ ಜೋಡಿಸಿ ನಡುವೆ ಖಾಲಿ ಬಿಡ್ತಾರೆ. ಊಟದ ಪಂಕ್ತಿಯಲ್ಲಿ ಖಾಲಿ ಎಲೆ ಕಂಡ ಹಾಗೆ, ಬರುವ ಹಕ್ಕಿಗೆ ಅದು ತನಗೇ ಬಿಟ್ಟ ಜಾಗ. ಅದು ಮರೆಯಿಂದ ಇಪ್ಪತ್ತೈದು ಮೂವತ್ತು ಗಜದೊಳಗೆ ಇರುತ್ತೆ. ಹಕ್ಕಿ ಬೀಳತೊಡಗಿದ ಮೇಲೆ ಪ್ಲಾಸ್ಟಿಕ್ ಜೊತೆಗೆ ಸತ್ತ ಹಕ್ಕಿಯನ್ನೇ ಕತ್ತಿನ ಕೆಳಗೆ ಕಡ್ಡಿ ಕೊಟ್ಟು ಕೂರಿಸ್ತಾರೆ, ಅದಕ್ಕಿಂತ ಒಳ್ಳೆ ಬೊಂಬೆ ಇಲ್ಲವಂತೆ. ಒಂದು ಹಕ್ಕಿ ಹೊಟ್ಟೆ ಮೇಲಾಗಿ ಬಿದ್ದಿದ್ದರೂ ಸಾಕು, ಹಿಂಡು ಮೇಲಿಂದಲೇ ವಾಪಸು. ಇದನ್ನು ಕೇಳುವಾಗ ನನಗೆ ಮೈ ಒಂದು ಸಲ ಜುಮ್ಮೆಂದಿತು ಅನ್ನೋದನ್ನು ಮುಚ್ಚಿಡಲ್ಲ.

ಹ್ಞಾ, ಬಿಳಿ ಪಟ್ಟೆಯ ಮಾತು. ಇದರ ಬಗ್ಗೆ ಕೃಷಿ ಇಲಾಖೆಯ ಸಂಶೋಧಕರಾದ ಇಂಗ್ಲಿಸ್ ಮತ್ತು ಐಸಾಕ್ಸನ್ 1984ರಲ್ಲಿ ಪ್ರಯೋಗ ಪ್ರಕಟಿಸಿದ್ದಾರೆ. ಬೇರೆ ಬೇರೆ ಭಂಗಿಯ ಬೊಂಬೆಗಳನ್ನು ಹೊಲದಲ್ಲಿಟ್ಟು ನೋಡಿದರೆ, ರೆಕ್ಕೆ ಬಿಚ್ಚಿ ಬಿಳಿ ಪಟ್ಟೆ ತೋರಿಸುವ ಬೊಂಬೆ ಪಾರಿವಾಳಕ್ಕೆ 'ಏಳು, ಓಡು' ಅನ್ನೋ ಸಂಕೇತ. ಅಂದರೆ ಅದೇ ಬೊಂಬೆ ರೆಕ್ಕೆ ಮಡಿಸಿದರೆ ಕರೆಯುತ್ತೆ, ಬಿಚ್ಚಿದರೆ ಬೆದರಿಸುತ್ತೆ! ಅವರು ಹುಡುಕುತ್ತಿದ್ದುದೂ ಹೊಸ ಬಗೆಯ ಬೆದರುಬೊಂಬೆಯನ್ನೇ. ಬೇಟೆಯವರು ಇದನ್ನು ಪೂರ್ತಿ ಒಪ್ಪಲ್ಲ. ಬ್ಯಾಟರಿಯಿಂದ ತಿರುಗುವ ಎರಡು ತೋಳಿಗೆ ರೆಕ್ಕೆ ಬಿಚ್ಚಿದ ಹಕ್ಕಿಗಳನ್ನು ಕಟ್ಟಿ ಗಿರಗಿರ ತಿರುಗಿಸುವ ಯಂತ್ರ ಈಗ ಎಲ್ಲರ ಚೀಲದಲ್ಲೂ ಇದೆ, ಇಳಿಯುತ್ತಿರುವ ಹಕ್ಕಿಯ ಹಾಗೆ ಕಾಣುತ್ತೆ ಅಂತ. ನಮ್ಮ ಮುದುಕರನ್ನು ಕೇಳಿದರೆ, ಒಂದು ದಿನ ಅದು ಅಯಸ್ಕಾಂತ, ಮರುದಿನ ಅದೇ ಭೂತ ಅಂದರು.

ಈಗ ನನ್ನ ಎರಡನೇ ಪ್ರಶ್ನೆಗೆ ಬರೋಣ. ಎರಡನೇ ಯುದ್ಧದ ನಂತರ ಸರ್ಕಾರ ಪಾರಿವಾಳ ಹೊಡೆಯಲಿ ಅಂತ ತೋಟಾಗಳಿಗೆ ಸಬ್ಸಿಡಿ ಕೊಡುತ್ತಿತ್ತು. ಫೆಬ್ರವರಿಯ ಸಂಜೆಗಳಲ್ಲಿ ಸುತ್ತಲಿನ ಎಲ್ಲ ಕಾಡುಗಳಲ್ಲೂ ಒಂದೇ ಹೊತ್ತಿಗೆ ಜನ ನಿಂತು, ಗೂಡಿಗೆ ಬರುವ ಹಕ್ಕಿಗಳನ್ನು ಹೊಡೆಯೋದು ಹಳ್ಳಿಯ ಹಬ್ಬದ ಹಾಗೆ ನಡೆಯುತ್ತಿತ್ತು. ಇದರಿಂದ ಏನು ಉಪಯೋಗ ಅಂತ ಲೆಕ್ಕ ಹಾಕಿ ನೋಡಿದವನು ಕೃಷಿ ಇಲಾಖೆಯ ವಿಜ್ಞಾನಿ ರಾನ್ ಮರ್ಟನ್. ಕೇಂಬ್ರಿಡ್ಜ್‌ಶೈರಿನ ಕಾರ್ಲ್‌ಟನ್ ಎಂಬ ಹಳ್ಳಿಯ ಹೊಲಗಳಲ್ಲಿ ಆತ ಮತ್ತು ಸಂಗಡಿಗರು ವರ್ಷಗಟ್ಟಲೆ ಕೂತರು. ಹಕ್ಕಿ ಎಣಿಸಿದರು, ಕ್ಲೋವರ್ ಎಲೆ ಎಣಿಸಿದರು, ಸತ್ತ ಹಕ್ಕಿಯ ಗಂಟಲಚೀಲ ಬಿಚ್ಚಿ ಏನು ತಿಂದಿದೆ ನೋಡಿದರು. 1965ರಲ್ಲಿ ಮರ್ಟನ್ ಈ ಹಕ್ಕಿಯ ಮೇಲೆ ಒಂದು ಇಡೀ ಪುಸ್ತಕ ಬರೆದ, 1974ರಲ್ಲಿ ಬೇಟೆಯ ಲೆಕ್ಕಾಚಾರದ ಪ್ರಬಂಧ ಬಂತು.

ತೇಲಿದ ವಿಷಯ ಇದು. ಚಳಿಗಾಲದ ಕೊನೆಗೆ ಎಷ್ಟು ಹಕ್ಕಿ ಉಳಿಯುತ್ತವೆ ಅನ್ನೋದನ್ನು ತೀರ್ಮಾನ ಮಾಡುತ್ತಿದ್ದುದು ಕೋವಿ ಅಲ್ಲ, ಕ್ಲೋವರ್. ಕೂಳೆಯ ಕಾಳು ಮುಗಿದ ಮೇಲೆ ಉಳಿಯುವ ಹಸಿರು ಎಷ್ಟು ಹಕ್ಕಿಗೆ ಸಾಲುತ್ತೋ ಅಷ್ಟೇ ಬದುಕೋದು. ಹಿಂಡಿನ ಮುಂಚೂಣಿಯಲ್ಲಿ ಹೆದರಿಕೊಂಡು, ಅತ್ತಿತ್ತ ನೋಡುತ್ತಾ, ಸರಿಯಾಗಿ ಮೇಯಲಾಗದೆ ಇರುವ ಬಡಪಾಯಿಗಳು ಹೇಗಿದ್ದರೂ ಹಸಿವಿನಿಂದ ಸಾಯುತ್ತಿದ್ದವು. ಕೋವಿ ಸಾವಿರ ಹಕ್ಕಿ ಕೊಂದರೆ, ಉಳಿದವಕ್ಕೆ ಒಂದೊಂದು ತುತ್ತು ಹೆಚ್ಚಿಗೆ ಸಿಕ್ಕಿ, ಸಾಯಬೇಕಿದ್ದವು ಬದುಕಿಕೊಂಡವು. ವಸಂತಕ್ಕೆ ಲೆಕ್ಕ ಹಾಕಿದರೆ ಕೂಡಿ ಕಳೆದು ಮೊದಲಿನಷ್ಟೇ. ಸರ್ಕಾರ ಕೊಟ್ಟದ್ದು ತೋಟಾಕ್ಕೆ ದುಡ್ಡು, ಆದದ್ದು ಉಳಿದ ಹಕ್ಕಿಗಳಿಗೆ ಊಟದ ವ್ಯವಸ್ಥೆ. ಆಮೇಲೆ ಆ ಸಬ್ಸಿಡಿ ನಿಂತಿತು.

ಹಾಗಂತ ಮರ್ಟನ್ ಕೋವಿಯೇ ದಂಡ ಅನ್ನಲಿಲ್ಲ. ಊರಿನ ಹಕ್ಕಿಗಳ ಸಂಖ್ಯೆ ಇಳಿಸೋದು ಬೇರೆ, ಬಟಾಣಿ ಮೊಳಕೆ ಬರುವ ಆ ಹತ್ತು ದಿನ ಈ ಒಂದು ಹೊಲ ಕಾಯೋದು ಬೇರೆ. ಎರಡನೆಯದಕ್ಕೆ ಹೊಲದಲ್ಲಿ ಕೋವಿ ಹಿಡಿದವನೊಬ್ಬ ಕೂತಿದ್ದರೆ ಉಪಯೋಗ ಇದೆ. ಯೋಚನೆ ಮಾಡಿ ನೋಡಿ, ಹಾಗೆ ಕೂತವನು ಮಾಡುತ್ತಿರೋದು ಏನು? ಅಟ್ಟಣೆಯ ಮೇಲೆ ಡಬ್ಬ ಬಡಿಯುತ್ತಿದ್ದ ಹುಡುಗನ ಕೆಲಸವನ್ನೇ, ಸ್ವಲ್ಪ ಜೋರು ಸದ್ದಿನಲ್ಲಿ. ಬೊಂಬೆ ಕರೆಯುತ್ತೆ, ಕೋವಿ ಓಡಿಸುತ್ತೆ. ಆದರೆ ಎಲ್ಲ ಸಲವೂ ಹೀಗೆ ಆಗಲ್ಲ. ಸುಗ್ಗಿ ಮುಗಿದ ಕೂಳೆಯಲ್ಲಿ, ಉದುರಿದ ಕಾಳು ಮಾತ್ರ ಇರುವಾಗ, ಬೊಂಬೆ ನೆಟ್ಟು ನೂರು ಹಕ್ಕಿ ಹೊಡೆದು 'ರೈತನಿಗೆ ಸಹಾಯ' ಅನ್ನೋರೂ ಇದ್ದಾರೆ. ಅಲ್ಲಿ ಕಾಯೋಕೆ ಬೆಳೆ ಎಲ್ಲಿದೆ ಸ್ವಾಮಿ? ಅದು ಮೋಜು, ಮೋಜು ಅಂತಲೇ ಹೇಳಿದರೆ ನನಗೆ ಕಡೇಪಕ್ಷ ಅರ್ಥವಾದರೂ ಆಗುತ್ತೆ.

ಕ್ಲೋವರ್ ಕಮ್ಮಿಯಾದಾಗ ಮರಪಾರಿವಾಳವೂ ಕಮ್ಮಿಯಾಗಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟ ಸೇರಿತು, ಎಣ್ಣೆಕಾಳಿಗೆ ಒಳ್ಳೆ ಬೆಲೆ ಬಂತು, ಸಾಸಿವೆಯ ಒಡಹುಟ್ಟಾದ ರೇಪ್‌ಸೀಡ್ ಹೊಲ ಹೊಲ ಹಬ್ಬಿತು. ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಬಂದವರು ಹಳದಿ ಹೊಲದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದೇ. ಹಿಂದಿನ ಬೇಸಿಗೆಯ ಕೊನೆಗೆ ಬಿತ್ತೋದರಿಂದ ಅದರ ಎಲೆ ಚಳಿಗಾಲವಿಡೀ ಹಸಿರು. ಹಿಮ ಬಿದ್ದರೂ ಪಾರಿವಾಳಕ್ಕೆ ಊಟ ಖಾತ್ರಿ. ಈಗ ಚಳಿಗಾಲದ ಹಕ್ಕಿಗಳ ಸಂಖ್ಯೆಯನ್ನು ನಿರ್ಧರಿಸೋದು ರೇಪ್ ಬೆಳೆ ಅಂತ ಇಂಗ್ಲಿಸ್ ತಂಡವೇ 1990ರಲ್ಲಿ ಬರೆಯಿತು. ಈಗ ಈ ದೇಶದಲ್ಲಿ ಗೂಡು ಕಟ್ಟುವ ಮರಪಾರಿವಾಳ ಸುಮಾರು 50 ಲಕ್ಷ ಜೋಡಿ. ಪ್ಯಾಸೆಂಜರ್ ಪಿಜನ್‌ಗೆ ಕಾಡೇ ಬೇಕಿತ್ತು, ಸತ್ತಿತು. ಇದು ಮನುಷ್ಯನ ಹೊಲವನ್ನೇ ಕಾಡು ಮಾಡಿಕೊಂಡಿತು.

ಇದರ ಕಾನೂನೂ ವಿಚಿತ್ರ. ಎಲ್ಲ ಕಾಡುಹಕ್ಕಿಗಳ ಹಾಗೆ ಮರಪಾರಿವಾಳಕ್ಕೂ 1981ರ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹೊಡೆಯೋದು 'ಸಾಮಾನ್ಯ ಪರವಾನಗಿ' ಎಂಬ ಒಂದು ಕಾಗದದ ಬಲದ ಮೇಲೆ. ಅರ್ಜಿ ಬೇಡ, ಸಹಿ ಬೇಡ, ಷರತ್ತಿಗೆ ಒಳಪಟ್ಟರೆ ಸಾಕು. ಮುಖ್ಯ ಷರತ್ತು, ಬೆಳೆಗೆ ಗಂಭೀರ ಹಾನಿ ತಪ್ಪಿಸಲು ಮಾತ್ರ. 2019ರಲ್ಲಿ ವೈಲ್ಡ್ ಜಸ್ಟಿಸ್ ಎಂಬ ಸಂಸ್ಥೆ ಈ ಕಾಗದದ ಬುಡಕ್ಕೇ ಕೈಹಾಕಿತು. ಟೀವಿಯ ಕ್ರಿಸ್ ಪ್ಯಾಕಮ್, ಮಾರ್ಕ್ ಏವರಿ, ರೂತ್ ಟಿಂಗೇ ಸೇರಿ ಅದೇ ವರ್ಷ ಕಟ್ಟಿದ್ದು. ಕೊಲ್ಲದೆ ಓಡಿಸುವ ಉಪಾಯ ಮೊದಲು ನೋಡಿದ್ದೀರಾ ಅಂತ ಯಾರನ್ನೂ ಕೇಳದೆ ಪರವಾನಗಿ ಕೊಡೋದು ಹೇಗೆ ಸರಿ, ಅನ್ನೋದು ಅವರ ವಾದ. ನ್ಯಾಚುರಲ್ ಇಂಗ್ಲೆಂಡ್ ಇಲಾಖೆ ಆ ವರ್ಷ ಏಪ್ರಿಲ್ 25ರಂದು ಪರವಾನಗಿಗಳನ್ನೇ ಹಿಂತೆಗೆದುಕೊಂಡಿತು. ಬಟಾಣಿ ಮೊಳೆಯೋ ಕಾಲ, ರೈತರು ಬೊಬ್ಬೆ ಹೊಡೆದರು. ಅಲ್ಲಿಂದ ಕೆಲವು ವಾರ ಗೊಂದಲವೋ ಗೊಂದಲ, ಕೊನೆಗೆ ಸರ್ಕಾರವೇ ಹೊಸದಾಗಿ ಬರೆದು ಕೊಟ್ಟಿತು. ಇಂಗ್ಲೆಂಡಿನಲ್ಲಿ 2021ರಿಂದ ಇರೋದು ಜಿಎಲ್ 42. ಬೇರೆ ದಾರಿಯನ್ನು ಪ್ರಯತ್ನಿಸಬೇಕು ಅನ್ನೋದು ಅದರಲ್ಲಿ ಬಾಯಿಬಿಟ್ಟು ಹೇಳಿದೆ.

ನಮ್ಮ ಮುದುಕರು ಆ ಕಾಗದದ ಪ್ರತಿಯನ್ನು ಮಡಿಸಿ ತೋಟಾದ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ. ರೈತನ ಗ್ಯಾಸ್ ಗನ್ ಆಚೆ ಮೂಲೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಢಂ ಅನ್ನುತ್ತಿತ್ತು. ಹಕ್ಕಿಗಳು ಅದರಿಂದ ಹತ್ತು ಮಾರು ದೂರದಲ್ಲಿ ಆರಾಮಾಗಿ ಮೇಯುತ್ತಿದ್ದವು, ಮದುವೆ ಮನೆಯ ಓಲಗಕ್ಕೆ ಒಗ್ಗಿದ ನೆಂಟರ ಹಾಗೆ. ನಾನು ಮರ್ಟನ್‌ನ ಲೆಕ್ಕದ ಬಗ್ಗೆ ಕೇಳಿದೆ. ಗೊತ್ತು ಅಂದರು. "ಇಡೀ ದೇಶದ ಪಾರಿವಾಳ ನನ್ನಿಂದ ಕಮ್ಮಿ ಆಗಲ್ಲ, ಆಗೋದೂ ಬೇಡ. ಈ ಬಟಾಣಿ ನಾಲ್ಕೆಲೆ ಬಿಟ್ಟರೆ ಸಾಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮನೇಲಿ ಕೂತು ಏನು ಮಾಡಲಿ?" ಅಂತಲೂ ಅಂದರು.

ಆ ದಿನ ಅವರಿಗೆ ಬಿದ್ದದ್ದು ಹತ್ತೊಂಬತ್ತು. ಸಂಜೆ ಖಾಲಿ ತೋಟಾದ ಸಿಪ್ಪೆಗಳನ್ನು ಒಂದೂ ಬಿಡದೆ ಹೆಕ್ಕಿದರು, ಬಲೆ ಸುತ್ತಿದರು, ಬೊಂಬೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡರು. ಎರಡು ಹಕ್ಕಿ ನನಗೆ ಕೊಡಲು ಬಂದರು, ಬೇಡ ಅಂದೆ, ಬೇಸರ ಮಾಡಿಕೊಳ್ಳಲಿಲ್ಲ. ಗೇಟಿನ ಹತ್ತಿರ ಬಂದು ತಿರುಗಿ ನೋಡಿದರೆ ಒಂಟಿ ಓಕ್ ಮರದ ಕಡೆಯಿಂದ ಮೂರು, ಆಮೇಲೆ ಏಳೆಂಟು, ಆಮೇಲೆ ಒಂದು ದೊಡ್ಡ ಹಿಂಡು ರೆಕ್ಕೆಯ ಬಿಳಿ ಪಟ್ಟೆ ಮಿಂಚಿಸುತ್ತಾ ಬಂದು, ನಾವು ಬೊಂಬೆ ನೆಟ್ಟಿದ್ದ ಜಾಗಕ್ಕೇ ಇಳಿಯಿತು. ಅವರೂ ನೋಡಿದರು. ಗೇಟಿನ ಚಿಲಕ ಹಾಕಿ, "ನಾಳೆ ಗಾಳಿ ಪಶ್ಚಿಮದ್ದು, ಮರೆ ಆಚೆ ಬೇಲಿಗೆ ಕಟ್ಟಬೇಕು" ಅಂದರು.